ಸ್ಟಾರ್ಟ್ ಬಟನ್ ಎಲ್ಲಿಗೆ ಹೋಯ್ತು? ಕಂಪ್ಯೂಟರ್ ಪರದೆಯ ಚಂದ ಮತ್ತು ಅನುಕೂಲ

ವಿಜಯಪುರದ ಬಸ್ ಸ್ಟ್ಯಾಂಡ್ ಹತ್ತಿರ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಂಡ್ ಟೈಪಿಂಗ್, ಜೆರಾಕ್ಸ್, ಹೊಲದ ಉತಾರ ತೆಗೆದುಕೊಡುವುದು, ಎಲ್ಲ ಅಲ್ಲೇ. ಅಂಗಡಿಯ ಕಾಕಾ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ. ಕೀಬೋರ್ಡ್ ಕಡೆ ನೋಡದೆ ಕನ್ನಡ ಟೈಪ್ ಮಾಡುತ್ತಾರೆ. ಗಿರಾಕಿ ಜೊತೆ ಮಾತಾಡುತ್ತಲೇ ಫೈಲ್ ತೆಗೆಯುತ್ತಾರೆ, ಪ್ರಿಂಟ್ ಕೊಡುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲಿ ಬೆಂಬಲ ಮುಗಿಯಿತು. ಸುರಕ್ಷತೆಯ ಅಪ್‌ಡೇಟ್ ನಿಲ್ಲುತ್ತದೆ ಎಂದು ಊರೆಲ್ಲ ಹೊಸ ಮಷೀನ್ ತೆಗೆದುಕೊಳ್ಳುವ ಮಾತು ಎದ್ದಿತು. ಕಾಕಾ ಕೂಡ ವಿಂಡೋಸ್ 11 ಇರುವ ಕಂಪ್ಯೂಟರ್ ತಂದರು. ತುಳಸಿ ಲಗ್ನ ಮುಗಿದು ಮದುವೆ ಸೀಸನ್ ಶುರುವಾಗುವ ಹೊತ್ತು, ಅಂಗಡಿ ತುಂಬ ಜನ. ನಾನು ಪಕ್ಕದಲ್ಲೇ ಕೂತಿದ್ದೆ. ಅವರ ಕೈ ಮೌಸ್ ಹಿಡಿದು ಎಡಗಡೆಯ ಕೆಳಮೂಲೆಗೆ ಹೋಯಿತು. ಅಲ್ಲಿ ಪ್ರೋಗ್ರಾಂಗಳ ಪಟ್ಟಿ ತೆರೆಯುವ ಸ್ಟಾರ್ಟ್ ಬಟನ್ ಇರಲಿಲ್ಲ. ಹವಾಮಾನದ ಪಟ್ಟಿ ತೆರೆದುಕೊಂಡಿತು. ಮುಚ್ಚಿದರು. ಒಂದು ನಿಮಿಷ ಆದ ಮೇಲೆ ಕೈ ಮತ್ತೆ ಅಲ್ಲಿಗೇ ಹೋಯಿತು.

“ಕಣ್ಣಿಗೇನೋ ಭಾಳ ಚಂದ ಐತಿ ತಮ್ಮಾ. ಆದ್ರ ಕೈಗೆ ಸಿಗವಲ್ದು ನೋಡು” ಅಂದರು ಕಾಕಾ.

ಅವರ ಅಣ್ಣನ ಮಗ ಡಿಗ್ರಿ ಓದುವ ಹುಡುಗ, ಸಂಜೆ ಹೊತ್ತು ಅಂಗಡಿ ನೋಡಿಕೊಳ್ಳುತ್ತಾನೆ. ಅವನು ಪರದೆಯ ನಡುವೆ ಬೆರಳಿಟ್ಟು ತೋರಿಸಿದ. “ನಟ್ಟ ನಡುವ ಐತಲ್ರೀ ಕಾಕಾ, ಕಣ್ಣ ಮುಂದನ.”

ಇಬ್ಬರ ಮಾತೂ ಸರಿ. ಕಂಪ್ಯೂಟರ್ ಪರದೆ ಹೇಗಿರಬೇಕು ಅನ್ನುವ ಐವತ್ತು ವರ್ಷದ ಚರ್ಚೆ ಈ ಎರಡು ಮಾತಿನ ನಡುವೆಯೇ ಇದೆ. ಅದು ಏನು, ಯಾಕೆ ಮುಗಿಯುವುದಿಲ್ಲ ಅಂತ ಒಂದೊಂದಾಗಿ ನೋಡೋಣ.

ಇಂಟರ್‌ಫೇಸ್ ಅಂದರೆ ಏನು?

ಯಂತ್ರಕ್ಕೂ ನಮಗೂ ನಡುವೆ ಇರುವ ಭಾಗವೇ ಇಂಟರ್‌ಫೇಸ್. ಟ್ರ್ಯಾಕ್ಟರ್‌ನಲ್ಲಿ ಇಂಜಿನ್ ಒಳಗಿರುತ್ತದೆ. ನಮ್ಮ ಕೈಕಾಲಿಗೆ ಸಿಗುವುದು ಸ್ಟೇರಿಂಗ್, ಗೇರ್, ಕ್ಲಚ್, ಬ್ರೇಕ್. ಕಂಪ್ಯೂಟರ್‌ನಲ್ಲಿ ಹಾಗೆ ಸಿಗುವುದು ಪರದೆಯ ಮೇಲಿನ ಬಟನ್, ಮೆನು, ಐಕಾನ್, ಕಿಟಕಿಗಳು.

ಇದರಲ್ಲಿ ಎರಡು ವಿಷಯ ಬೇರೆ ಬೇರೆ ಇವೆ. ಒಂದು ಬಳಕೆಯ ಅನುಕೂಲ. ಕೆಲಸ ಎಷ್ಟು ಬೇಗ ಆಗುತ್ತದೆ, ಎಷ್ಟು ಸಲ ತಪ್ಪುತ್ತದೆ, ತಪ್ಪಿದರೆ ಸರಿಮಾಡಲು ಆಗುತ್ತದೋ ಇಲ್ಲವೋ ಅನ್ನುವುದು. ಇನ್ನೊಂದು ನೋಟದ ವಿನ್ಯಾಸ. ಬಣ್ಣ, ಅಕ್ಷರದ ಆಕಾರ, ನಡುವೆ ಬಿಟ್ಟ ಜಾಗ, ಯಾವುದು ಎಲ್ಲಿ ಕೂರಬೇಕು ಅನ್ನುವುದು.

ನಮ್ಮ ಮನೆಯ ಸ್ವಿಚ್ ಬೋರ್ಡ್ ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಸಾಲಿನಲ್ಲಿ ಆರು ಸ್ವಿಚ್. ಎಲ್ಲ ಒಂದೇ ಅಳತೆ, ಒಂದೇ ಬಿಳಿ ಬಣ್ಣ. ನೋಡಲು ನೀಟಾಗಿದೆ. ಆದರೆ ಊರಿಂದ ಬಂದ ಬೀಗರು ಫ್ಯಾನ್ ಹಾಕಲು ಹೋದರೆ ಮೊದಲು ಟ್ಯೂಬ್‌ಲೈಟ್ ಆರುತ್ತದೆ, ಆಮೇಲೆ ಹೊರಗಿನ ಬಲ್ಬ್ ಹತ್ತುತ್ತದೆ. ಮನೆಯವರಿಗೆ ಮಾತ್ರ ಕತ್ತಲಲ್ಲೂ ಕೈ ಸರಿಯಾಗಿ ಹೋಗುತ್ತದೆ. ಬೋರ್ಡ್ ಏನೂ ಹೇಳುವುದಿಲ್ಲ, ಕೈ ನೆನಪಿಟ್ಟುಕೊಂಡಿದೆ ಅಷ್ಟೇ.

ಪರದೆ ಮೇಜಾಗಿದ್ದು ಯಾವಾಗ?

ಮೊದಲು ಕಂಪ್ಯೂಟರ್‌ಗೆ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಯಾವ ಪದ ಅಂತ ನೆನಪಿರಬೇಕಿತ್ತು, ಒಂದು ಅಕ್ಷರ ತಪ್ಪಿದರೂ ಕೆಲಸ ಆಗುತ್ತಿರಲಿಲ್ಲ. 1968ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬುವವರು ಅಮೆರಿಕದಲ್ಲಿ ಮೌಸ್ ಅನ್ನು ಜನರ ಎದುರು ತೋರಿಸಿದರು. ಮುಂದೆ ಜೆರಾಕ್ಸ್ ಕಂಪನಿಯ ಸಂಶೋಧಕರು ಒಂದು ಉಪಾಯ ಮಾಡಿದರು. ಆಫೀಸಿನವರಿಗೆ ಮೇಜು, ಕಾಗದ, ಫೋಲ್ಡರ್ ಗೊತ್ತು. ಅವನ್ನೇ ಪರದೆ ಮೇಲೆ ಚಿತ್ರವಾಗಿ ಇಟ್ಟರೆ ಹೊಸದಾಗಿ ಕಲಿಯುವುದು ಕಡಿಮೆ ಆಗುತ್ತದೆ. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರ್‌ನಲ್ಲಿ ಇದು ಮಾರುಕಟ್ಟೆಗೆ ಬಂತು. ಡೆಸ್ಕ್‌ಟಾಪ್ ಅಂದರೆ ಮೇಜಿನ ಮೇಲ್ಭಾಗ. ಹೆಸರೂ ಅಲ್ಲಿಂದಲೇ ಬಂದದ್ದು. ನಾವು ಜೆರಾಕ್ಸ್ ಅಂದರೆ ನಕಲು ಕಾಪಿ ಅಂತಲೇ ತಿಳಿದಿದ್ದೇವೆ. ಆದರೆ ಕಾಕಾನ ಅಂಗಡಿಯ ಎರಡೂ ಯಂತ್ರಕ್ಕೆ ಆ ಕಂಪನಿಯ ಋಣ ಇದೆ.

1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಬಂತು, 1985ರಲ್ಲಿ ಮೊದಲ ವಿಂಡೋಸ್. 1995ರ ಆಗಸ್ಟ್ 24ಕ್ಕೆ ಬಂದ ವಿಂಡೋಸ್ 95 ಎಡಮೂಲೆಯಲ್ಲಿ ಸ್ಟಾರ್ಟ್ ಎಂದು ಬರೆದ ಬಟನ್ ಇಟ್ಟಿತು. ಕಂಪ್ಯೂಟರ್ ಮುಂದೆ ಮೊದಲ ಸಲ ಕೂತವರಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆಗೆ ಅದು ಉತ್ತರ ಆಗಿತ್ತು.

ಕೈಗೂ ನೆನಪು ಇರುತ್ತದೆ

ಜೋಳದ ರೊಟ್ಟಿ ಬಡಿಯುವವರನ್ನು ನೋಡಿ. ಮಾತು ಒಂದು ಕಡೆ ನಡೆದಿರುತ್ತದೆ, ಕೈ ತನ್ನ ಪಾಡಿಗೆ ರೊಟ್ಟಿ ತಿರುಗಿಸುತ್ತಿರುತ್ತದೆ. ಹಿಟ್ಟಿನ ಬುಟ್ಟಿ, ನೀರಿನ ತಂಬಿಗೆ, ಹಂಚು, ಎಲ್ಲ ಕೈಯಳತೆಯಲ್ಲಿ, ದಿನವೂ ಅದದೇ ಜಾಗದಲ್ಲಿ. ನೀರಿನ ತಂಬಿಗೆಯನ್ನು ಎಡಗಡೆಯಿಂದ ಬಲಗಡೆಗೆ ಇಟ್ಟರೆ ಏನಾಗುತ್ತದೆ? ತಂಬಿಗೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಆದರೂ ಕೈ ಎಡಗಡೆಗೇ ಹೋಗುತ್ತದೆ, ಕೆಲಸದ ಲಯ ತಪ್ಪುತ್ತದೆ.

ಕಂಪ್ಯೂಟರ್‌ನಲ್ಲೂ ಹೀಗೇ. ಒಂದು ಕೆಲಸ ಸಾವಿರಾರು ಸಲ ಮಾಡಿದ ಮೇಲೆ ನಾವು ಬಟನ್ ಹುಡುಕುವುದಿಲ್ಲ, ಕೈ ತಾನೇ ಹೋಗುತ್ತದೆ. ಅದಕ್ಕೆ ಒಂದೇ ಷರತ್ತು. ಬಟನ್ ಅದೇ ಜಾಗದಲ್ಲಿ ಇರಬೇಕು. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಾದ ಮೇಲೆ ಎಷ್ಟೋ ಒಳ್ಳೆಯ ತಂತ್ರಾಂಶ ಬಂದರೂ ಅದನ್ನು ಬಿಡದ ಡಿಟಿಪಿ ಅಂಗಡಿಗಳು ನಮ್ಮಲ್ಲಿ ಇವೆ. ಇದನ್ನು ಹಠ ಅನ್ನಬಾರದು. ಅದು ಕೈ ದುಡಿದು ಗಳಿಸಿದ ಆಸ್ತಿ.

ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ಕೆಳಗಿನ ಪಟ್ಟಿಯ ನಡುವೆ ಇರುತ್ತದೆ. ಆ ಪಟ್ಟಿಗೆ ಟಾಸ್ಕ್‌ಬಾರ್ ಅನ್ನುತ್ತಾರೆ. ನಡುವೆ ಇಟ್ಟಾಗ ಒಂದು ವಿಷಯ ಬಹಳ ಜನ ಗಮನಿಸಿಲ್ಲ. ಐಕಾನ್‌ಗಳ ಗುಂಪು ಯಾವಾಗಲೂ ನಡುವೆ ಬರುವಂತೆ ಹೊಂದಿಕೊಳ್ಳುತ್ತದೆ. ಹೊಸ ಪ್ರೋಗ್ರಾಂ ತೆರೆದಾಗ ಗುಂಪು ಅಗಲ ಆಗುತ್ತದೆ, ಅದರ ತುದಿಯಲ್ಲಿರುವ ಸ್ಟಾರ್ಟ್ ಬಟನ್ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ಮತ್ತೆ ಬಲಕ್ಕೆ ಬರುತ್ತದೆ. ಅಂದರೆ ಅದಕ್ಕೆ ಒಂದು ಸ್ಥಿರ ಜಾಗ ಇಲ್ಲ. ಹಳೆಯ ಕೈಗೆ ಹೊಸ ಜಾಗ ಕಲಿಯುವುದೇ ಕಷ್ಟ. ಸರಿಯುತ್ತಿರುವ ಜಾಗ ಕಲಿಯುವುದು ಇನ್ನೂ ಕಷ್ಟ.

ಇದಕ್ಕಿಂತ ದೊಡ್ಡ ಪಾಠ 2012ರಲ್ಲಿ ಸಿಕ್ಕಿತ್ತು. ಆ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆದಿದ್ದರು. ಬೆರಳಿನಿಂದ ಮುಟ್ಟುವ ಟ್ಯಾಬ್ಲೆಟ್‌ಗೂ ಮೌಸ್ ಇರುವ ಕಂಪ್ಯೂಟರ್‌ಗೂ ಒಂದೇ ಪರದೆ ಇರಲಿ ಅನ್ನುವುದು ಅದರ ಹಿಂದಿನ ಯೋಚನೆ. ಜನ ಒಪ್ಪಲಿಲ್ಲ. ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು.

ದೂರ, ಅಳತೆ ಮತ್ತು ಮೂಲೆಯ ಲಾಭ

ಹಾಗಾದರೆ ನಡುವೆ ಇಟ್ಟದ್ದು ಬರೀ ಚಂದಕ್ಕಾ? ಅಲ್ಲ. ಅದರ ಹಿಂದೆ ಲೆಕ್ಕ ಇದೆ.

1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಒಂದು ಪ್ರಯೋಗ ಮಾಡಿದರು. ಜನರ ಕೈಗೆ ಕಡ್ಡಿ ಕೊಟ್ಟು, ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೊಂದು ಮುಟ್ಟಲು ಹೇಳಿದರು. ಪಟ್ಟಿ ಅಗಲ ಇದ್ದಷ್ಟೂ, ಹತ್ತಿರ ಇದ್ದಷ್ಟೂ ಕೈ ಬೇಗ ಮುಟ್ಟಿತು. ಚಿಕ್ಕದಾದಷ್ಟೂ, ದೂರವಾದಷ್ಟೂ ತಡವಾಯಿತು. ಇದು ಎಲ್ಲರಿಗೂ ಗೊತ್ತಿರುವ ಮಾತೇ ಅಲ್ವಾ? ಆದರೆ ಎಷ್ಟು ತಡ ಆಗುತ್ತದೆ ಅನ್ನುವುದಕ್ಕೆ ಅವರು ಸೂತ್ರ ಕೊಟ್ಟರು. ಅದನ್ನೇ ಫಿಟ್ಸ್ ನಿಯಮ ಅನ್ನುತ್ತಾರೆ. 1978ರಲ್ಲಿ ಜೆರಾಕ್ಸ್ ಸಂಶೋಧಕರು ಮೌಸ್‌ಗೂ ಇದು ಹೊಂದುತ್ತದೆ ಎಂದು ತೋರಿಸಿದರು.

ಈಗ ಹುಡುಗನ ಪರ ನೋಡಿ. ಹಿಂದೆ ಪರದೆ ಹದಿನಾಲ್ಕು ಹದಿನೈದು ಇಂಚು ಇತ್ತು, ಹೆಚ್ಚುಕಡಿಮೆ ಚೌಕ. ಈಗ ಇಪ್ಪತ್ನಾಲ್ಕು ಇಂಚಿನ ಅಗಲ ಪರದೆ ಬಂದಿವೆ. ಕೆಲಸ ನಡುವೆ ನಡೆಯುತ್ತದೆ, ಎಡಮೂಲೆ ದೂರ ಆಯಿತು. ನಡುವೆ ಇಟ್ಟರೆ ಕಣ್ಣಿಗೂ ಕೈಗೂ ಪ್ರಯಾಣ ಕಡಿಮೆ.

ಇನ್ನು ಕಾಕಾನ ಪರ. ಮೌಸ್ ಬಾಣ ಪರದೆಯ ಅಂಚು ದಾಟಿ ಹೊರಗೆ ಹೋಗಲಾರದು. ಓಣಿಯಲ್ಲಿ ಗೋಲಿ ಆಡುವಾಗ ಬಯಲಿನ ನಡುವೆ ಇರುವ ಕುಣಿಗೆ ಗೋಲಿ ಬೀಳಿಸಲು ಗುರಿ ಬೇಕು, ಹದ ಬೇಕು. ಎರಡು ಗೋಡೆ ಸೇರುವ ಮೂಲೆಗೆ ಗೋಲಿ ಹೊಡೆಯಲು ಏನೂ ಬೇಡ. ಜೋರಾಗಿ ಹೊಡೆದರೂ ಗೋಡೆಯೇ ತಡೆಯುತ್ತದೆ. ಪರದೆಯ ಮೂಲೆಯೂ ಹಾಗೇ. ಮೌಸ್ ಅನ್ನು ಸುಮ್ನೆ ಎಡಕ್ಕೆ ಕೆಳಗೆ ತಳ್ಳಿದರೆ ಸಾಕು, ಬಾಣ ಅಲ್ಲೇ ಹೋಗಿ ನಿಲ್ಲುತ್ತದೆ. ದೂರ ಇದ್ದರೂ ಅದು ಸುಲಭದ ಗುರಿ.

ವಿಂಡೋಸ್ 95ರಲ್ಲಿ ಈ ಲಾಭ ಕೂದಲೆಳೆಯಲ್ಲಿ ತಪ್ಪಿತ್ತು. ಬಟನ್‌ಗೂ ಪರದೆಯ ತುದಿಗೂ ನಡುವೆ ಒಂದೆರಡು ಚುಕ್ಕಿಯಷ್ಟು ಖಾಲಿ ಅಂಚು ಇತ್ತು. ಮೂಲೆಗೆ ತಳ್ಳಿ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ, ಸ್ವಲ್ಪ ವಾಪಸ್ ಬರಬೇಕಿತ್ತು. ನೋಡಲು ಚಂದ ಇರಲಿ ಅಂತ ಬಿಟ್ಟ ಸಣ್ಣ ಅಂಚು, ದಿನಕ್ಕೆ ನೂರು ಸಲ ಒತ್ತುವವರಿಗೆ ಅಡ್ಡಿ. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸರಿಮಾಡಿದರು.

ಬಟನ್ ಬಟನ್ ಥರ ಕಾಣಬೇಕಾ?

ಹಳೆಯ ವಿಂಡೋಸ್‌ನಲ್ಲಿ ಬಟನ್‌ಗಳು ಉಬ್ಬಿದ ಹಾಗೆ ಇರುತ್ತಿದ್ದವು. ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ಒತ್ತಿದಾಗ ಒಳಗೆ ಹೋದಂತೆ ಕಾಣುತ್ತಿತ್ತು. ಯಾರೂ ಹೇಳಿಕೊಡದಿದ್ದರೂ ಇದು ಒತ್ತುವ ವಸ್ತು ಅಂತ ತಿಳಿಯುತ್ತಿತ್ತು. 2012, 2013ರ ಹೊತ್ತಿಗೆ ನೆರಳು ಉಬ್ಬು ಎಲ್ಲ ತೆಗೆದು, ಸಪಾಟು ಬಣ್ಣ ಮತ್ತು ಬರೀ ಅಕ್ಷರ ಇಡುವ ರೀತಿ ಬಂತು. ಇದಕ್ಕೆ ಫ್ಲಾಟ್ ವಿನ್ಯಾಸ ಅನ್ನುತ್ತಾರೆ. ಇದರ ಪರ ಇರುವವರು ಹೇಳುವುದು, ಜನ ಈಗ ಪರದೆಗೆ ಒಗ್ಗಿದ್ದಾರೆ, ನಿಜದ ವಸ್ತುವಿನ ವೇಷ ಇನ್ನು ಬೇಕಿಲ್ಲ ಎಂದು. ಸೇವ್ ಮಾಡುವ ಐಕಾನ್ ಈಗಲೂ ಹಿಂದೆ ಫೈಲ್ ಇಡುತ್ತಿದ್ದ ಫ್ಲಾಪಿ ಡಿಸ್ಕ್. ನನ್ನ ಕಂಪ್ಯೂಟರ್ ಕ್ಲಾಸಿಗೆ ಬರುವ ಮಕ್ಕಳು ಫ್ಲಾಪಿ ಕಂಡೇ ಇಲ್ಲ, ಆದರೂ ಆ ಚಿತ್ರ ಒತ್ತಿ ಸೇವ್ ಮಾಡುತ್ತಾರೆ. ಹಾಗಾಗಿ ಆ ವಾದದಲ್ಲಿ ಹುರುಳಿದೆ.

ಆದರೆ ಹೊಸದಾಗಿ ಕಲಿಯುವ ದೊಡ್ಡವರಿಗೆ ಯಾವುದು ಬರೀ ಅಕ್ಷರ, ಯಾವುದು ಒತ್ತುವ ಬಟನ್ ಅಂತ ತಿಳಿಯುವುದಿಲ್ಲ. ಮುಟ್ಟಿದರೆ ಎಲ್ಲಿ ಏನಾಗುತ್ತದೋ ಎಂದು ಕೈ ಹಿಂದೆ ತೆಗೆಯುತ್ತಾರೆ. ಇದನ್ನು ನಾನು ದಿನವೂ ನೋಡುತ್ತೇನೆ.

ವಿಂಡೋಸ್ 11ರ ಬಲ ಕ್ಲಿಕ್ ಮೆನು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಕಟ್, ಕಾಪಿ, ರಿನೇಮ್, ಡಿಲೀಟ್ ಎಲ್ಲ ಪದಗಳಾಗಿ ಸಾಲಾಗಿ ಇದ್ದವು. ಹೊಸದರಲ್ಲಿ ಅವು ಒಂದೇ ಸಾಲಿನ ಚಿಕ್ಕ ಚಿತ್ರಗಳಾದವು. ಕತ್ತರಿ ಅಂದರೆ ಕಟ್, ಡಬ್ಬಿ ಅಂದರೆ ಡಿಲೀಟ್, ಸರಿ. ಹೆಸರು ಬದಲಿಸುವುದಕ್ಕೆ ಯಾವ ಚಿತ್ರ? ಹೆಸರು ಬದಲಿಸುವುದು ಅನ್ನುವ ಕೆಲಸಕ್ಕೆ ಲೋಕದಲ್ಲಿ ರೂಪವೇ ಇಲ್ಲ. 2024ರ ಅಪ್‌ಡೇಟ್‌ನಲ್ಲಿ ಆ ಚಿತ್ರಗಳ ಜೊತೆ ಹೆಸರೂ ಸೇರಿತು. ಜಾಗ ಸ್ವಲ್ಪ ಜಾಸ್ತಿ ಹೋಯಿತು, ಊಹೆ ಮಾಡುವ ಕಷ್ಟ ಹೋಯಿತು.

ಬಣ್ಣದ ಮಾತು ಇನ್ನೊಂದು. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಕೆಲವರ ಕಣ್ಣಿಗೆ ಸೊಗಸು. ಆದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ಅಳತೆ ಇದೆ. ಬಿಳಿ ಮೇಲೆ ಕಪ್ಪು ಇದ್ದರೆ 21ಕ್ಕೆ 1, ಅದೇ ಗರಿಷ್ಠ. ವೆಬ್ ಪುಟಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಅಳತೆಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು. ಡೆಸ್ಕ್‌ಟಾಪ್ ತಂತ್ರಾಂಶ ಮಾಡುವವರೂ ಇದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಶಟರ್ ಪೂರ್ತಿ ತೆರೆದ ಅಂಗಡಿ, ಎದುರಿನ ರಸ್ತೆಯ ಬಿಸಿಲು ನೇರ ಪರದೆಗೆ. ಅಲ್ಲಿ ಆ ತಿಳಿ ಬೂದು ಅಕ್ಷರ ಇದೆ ಅಂತಲೂ ಗೊತ್ತಾಗುವುದಿಲ್ಲ.

ಚಂದವೂ ಕೆಲಸ ಮಾಡುತ್ತದೆ

ಇಷ್ಟು ಓದಿದ ಮೇಲೆ ಚಂದ ಬೇಡ, ಅನುಕೂಲ ಇದ್ದರೆ ಸಾಕು ಅನ್ನಿಸಬಹುದು. ಅದೂ ಪೂರ್ತಿ ಸರಿ ಅಲ್ಲ.

1995ರಲ್ಲಿ ಜಪಾನಿನ ಹಿಟಾಚಿ ಕಂಪನಿಯ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರಾ ಎಟಿಎಂ ಪರದೆಯ 26 ಮಾದರಿ ಮಾಡಿ 252 ಜನರಿಗೆ ತೋರಿಸಿದರು. ಯಾವುದು ಚಂದ, ಯಾವುದು ಬಳಸಲು ಸುಲಭ ಎಂದು ಅಂಕ ಹಾಕಿಸಿದರು. ಜನರಿಗೆ ಚಂದ ಕಂಡ ಪರದೆಯೇ ಸುಲಭ ಅಂತಲೂ ಅನ್ನಿಸಿತ್ತು, ನಿಜಕ್ಕೂ ಅಷ್ಟು ಸುಲಭ ಇರಲಿ ಬಿಡಲಿ. ಇಸ್ರೇಲಿನ ನೋಮ್ ಟ್ರಾಕ್ಟಿನ್‌ಸ್ಕಿ ಇದನ್ನು ನಂಬದೆ ತಮ್ಮ ದೇಶದಲ್ಲಿ ಮತ್ತೆ ಮಾಡಿ ನೋಡಿದರು. 1997ರಲ್ಲಿ ಅವರಿಗೂ ಅದೇ ಫಲ ಸಿಕ್ಕಿತು. ಅಂದರೆ ಚಂದ ಇರುವ ಪರದೆ ಮುಂದೆ ನಾವು ಸಣ್ಣಪುಟ್ಟ ತೊಂದರೆ ಸಹಿಸಿಕೊಳ್ಳುತ್ತೇವೆ, ಇನ್ನೊಮ್ಮೆ ಪ್ರಯತ್ನ ಮಾಡುತ್ತೇವೆ. ಚಂದ ಇದೆ ಅಂತ ತೊಂದರೆ ಕಾಣದೆಯೂ ಹೋಗುತ್ತದೆ. ವಿನ್ಯಾಸ ಮಾಡುವವರು ಇದರ ಎರಡೂ ಮಗ್ಗುಲು ನೋಡಬೇಕು.

ನೋಟ ಮತ್ತು ಕೆಲಸ ಎರಡೂ ಕೂಡಿರುವುದನ್ನು ನೋಡಬೇಕು ಅಂದರೆ ಇಳಕಲ್ ಸೀರೆ ಬಿಡಿಸಿ. ಮೈ ಒಂದು ಬಣ್ಣ, ದಡಿ ಬೇರೆ, ಸೆರಗು ಕೆಂಪು, ಅದರ ಮೇಲೆ ತೋಪ ತೆನಿ ಅನ್ನುವ ಬಿಳಿಯ ವಿನ್ಯಾಸ. ಉಡುವವರು ಸೆರಗು ಯಾವ ಕಡೆ ಅಂತ ಹುಡುಕುವುದಿಲ್ಲ. ಬಣ್ಣವೇ ಹೇಳುತ್ತದೆ. ಪರದೆ ಮೇಲೂ ಬಣ್ಣ, ಅಂಚು, ಖಾಲಿ ಜಾಗ ಹೀಗೆ ದಾರಿ ತೋರಿಸಿದರೆ ಅದು ಬರೀ ಅಲಂಕಾರ ಅಲ್ಲ.

ಉಳಿಸು, ಅಳಿಸು: ಕನ್ನಡಕ್ಕೆ ಬಂದಾಗ ಏನಾಗುತ್ತದೆ

ಈ ಚರ್ಚೆಯಲ್ಲಿ ನಮ್ಮ ಅಕ್ಷರದ ಮಾತು ಬಹಳ ಕಡಿಮೆ ಬರುತ್ತದೆ. ನನಗೆ ಇದೇ ಮುಖ್ಯ.

ಸೇವ್ ಮಾಡುವುದಕ್ಕೆ ಕನ್ನಡದಲ್ಲಿ ಉಳಿಸು ಅನ್ನುತ್ತೇವೆ. ಡಿಲೀಟ್‌ಗೆ ಅಳಿಸು. ಇಂಗ್ಲಿಷ್‌ನಲ್ಲಿ ಆ ಎರಡು ಪದ ನೋಡಲು ಪೂರ್ತಿ ಬೇರೆ. ಕನ್ನಡದಲ್ಲಿ ಮೊದಲ ಅಕ್ಷರ ಬಿಟ್ಟರೆ ಎಲ್ಲ ಒಂದೇ. ಅರ್ಥ ಮಾತ್ರ ತದ್ವಿರುದ್ಧ. ಇಂಡಿ ಕಡೆಯಿಂದ ನನ್ನ ಕ್ಲಾಸಿಗೆ ಬರುತ್ತಿದ್ದ ಒಬ್ಬ ಅಕ್ಕ ಒಂದು ದೊಡ್ಡ ಅರ್ಜಿಯನ್ನು ಮುಕ್ಕಾಲು ಗಂಟೆ ಕೂತು ತುಂಬಿದರು. ಕೆಳಗೆ ಎರಡು ಬಟನ್, ಅಕ್ಕಪಕ್ಕ, ಒಂದೇ ನೀಲಿ ಬಣ್ಣ, ಒಂದೇ ಅಳತೆ. ಒತ್ತಿದರು, ಎಲ್ಲ ಹೋಯಿತು. “ನಂದ ತಪ್ಪರೀ ಸರ್, ನೋಡಲಿಲ್ಲ ನಾ” ಅಂದರು. ಅದು ಅವರ ತಪ್ಪಲ್ಲ. ಬಟನ್‌ಗಳನ್ನು ದೂರ ಇಡಬಹುದಿತ್ತು. ಅಳಿಸುವ ಬಟನ್‌ಗೆ ಬೇರೆ ಬಣ್ಣ ಕೊಟ್ಟು, ಜೊತೆಗೆ ಒಂದು ಚಿತ್ರ ಇಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೋದದ್ದನ್ನು ವಾಪಸ್ ತರುವ ಅವಕಾಶ ಇರಬೇಕಿತ್ತು. ಪದ ಅನುವಾದ ಮಾಡಿ ಅದೇ ಜಾಗದಲ್ಲಿ ಕೂರಿಸಿದರೆ ಇಂಟರ್‌ಫೇಸ್ ಕನ್ನಡದ್ದಾಗುವುದಿಲ್ಲ.

ಎತ್ತರದ ಸಮಸ್ಯೆಯೂ ಇದೆ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಗುಡಿಸು ಮೇಲೆ ಹೋಗುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ. ತ ಅಕ್ಷರಕ್ಕೆ ಎರಡು ಒತ್ತು. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್ ಸಾಲಿಗೆ ಹೊಂದಲಿ ಅಂತ ಅಕ್ಷರ ಚಿಕ್ಕದು ಮಾಡಿದರೆ ಒತ್ತು ಚುಕ್ಕಿಯಂತೆ ಆಗಿ ಓದಲು ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂದಿದೆ. ಯುಐ ಅಂದರೆ ಇಂಟರ್‌ಫೇಸ್‌ಗಾಗಿಯೇ ಮಾಡಿದ್ದು ಎಂದರ್ಥ. ಫಾಂಟ್ ಚೆನ್ನಾಗಿದ್ದರೂ ಸಾಲಿನ ಎತ್ತರಕ್ಕೆ ಜಾಗ ಬಿಡದಿದ್ದರೆ ಪ್ರಯೋಜನ ಇಲ್ಲ.

ಯಾರ ಮಾತು ನಡೆಯಬೇಕು?

ಎರಡೂ ಇಟ್ಟು, ಯಾರಿಗೆ ಬೇಕೋ ಅವರು ಬದಲಿಸಿಕೊಳ್ಳಲಿ ಅನ್ನಬಹುದು. ಅದಕ್ಕೂ ಬೆಲೆ ಇದೆ. ಒಂದೊಂದು ಆಯ್ಕೆ ಸೇರಿಸಿದಾಗಲೂ ಪರೀಕ್ಷೆ ಮಾಡುವ ಕೆಲಸ ಹೆಚ್ಚುತ್ತದೆ, ಸೆಟ್ಟಿಂಗ್ಸ್ ಉದ್ದ ಆಗುತ್ತದೆ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಹೆಚ್ಚಿನವರು ಸೆಟ್ಟಿಂಗ್ಸ್ ತೆರೆದೇ ನೋಡಿರುವುದಿಲ್ಲ. ಹಾಗಾಗಿ ಮೊದಲು ಹೇಗೆ ಇಟ್ಟು ಕೊಡುತ್ತಾರೋ ಅದೇ ಬಹುಜನರ ಪಾಲಿಗೆ ಕಾಯಂ.

ವಿಂಡೋಸ್ ಬದಲು ಬಳಸುವ ಲಿನಕ್ಸ್ ಲೋಕದಲ್ಲಿ ಇದು ಬೇರೆ ದಾರಿ ಹಿಡಿಯಿತು. 2011ರಲ್ಲಿ ಅಲ್ಲಿನ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಹಳೆಯ ಪರದೆಯ ರೂಪವನ್ನೇ ಬದಲಿಸಿದಾಗ, ಒಪ್ಪದವರು ಹಳೆಯದನ್ನೇ ಮುಂದುವರಿಸಿ ಮಾಟೆ ಎಂಬ ಬೇರೆ ಡೆಸ್ಕ್‌ಟಾಪ್ ಮಾಡಿಕೊಂಡರು.

ವಾದದಿಂದ ತೀರದ್ದನ್ನು ನೋಡಿ ತಿಳಿಯುವುದು ಇನ್ನೊಂದು ದಾರಿ. ಬಳಸುವವರನ್ನು ಕೂರಿಸಿ ಒಂದು ಕೆಲಸ ಹೇಳಬೇಕು. ಆಮೇಲೆ ಬಾಯಿ ಬಿಡಬಾರದು. ಎಲ್ಲಿ ತಡೆದರು, ಎಲ್ಲಿ ತಪ್ಪು ಒತ್ತಿದರು, ಎಲ್ಲಿ ನಮ್ಮ ಮುಖ ನೋಡಿದರು ಎಂದು ಬರೆದುಕೊಳ್ಳಬೇಕು. ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಜೇಕಬ್ ನೀಲ್ಸನ್ ಐದು ಜನರನ್ನು ಹೀಗೆ ನೋಡಿದರೂ ದೊಡ್ಡ ತೊಂದರೆಗಳು ಬಹುಪಾಲು ಹೊರಗೆ ಬರುತ್ತವೆ ಅನ್ನುತ್ತಾರೆ. ಆ ಐವರಲ್ಲಿ ಕಾಕಾನಂಥ ಒಬ್ಬರು, ಇಂಡಿಯ ಆ ಅಕ್ಕನಂಥ ಒಬ್ಬರು ಇರಬೇಕು ಅನ್ನುವುದು ನನ್ನ ಆಸೆ.

ಸದ್ಯಕ್ಕೆ ನೀವು ಏನು ಮಾಡಬಹುದು

ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ಎಡಕ್ಕೆ ತರಲು ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ ಅಲೈನ್‌ಮೆಂಟ್ ಎಂದಿರುವಲ್ಲಿ ಲೆಫ್ಟ್ ಆರಿಸಿ. ಹವಾಮಾನದ ಪಟ್ಟಿ ಬೇಡವಾದರೆ ಅದೇ ಪುಟದಲ್ಲಿ ವಿಜೆಟ್ಸ್ ಆಫ್ ಮಾಡಿ. ಹಳೆಯ ಬಲ ಕ್ಲಿಕ್ ಮೆನು ಬೇಕಾದರೆ ಶಿಫ್ಟ್ ಒತ್ತಿ ಹಿಡಿದು ಬಲ ಕ್ಲಿಕ್ ಮಾಡಿ. ಅಕ್ಷರ ಚಿಕ್ಕದಾಗಿ ಕಂಡರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಇದೆ. ಪುಟ ಮೇಲೆ ಕೆಳಗೆ ಸರಿಸುವ ಪಟ್ಟಿ ಮಾಯವಾಗುತ್ತಿದ್ದರೆ ಅಲ್ಲೇ ವಿಷುವಲ್ ಎಫೆಕ್ಟ್ಸ್‌ನಲ್ಲಿ ಅದು ಯಾವಾಗಲೂ ಕಾಣುವಂತೆ ಮಾಡಬಹುದು.

ಕಾಕಾನ ಮಷೀನ್‌ನಲ್ಲಿ ಬಟನ್ ಎಡಕ್ಕೆ ತಂದುಕೊಟ್ಟೆ. ಸಂಜೆ ಹುಡುಗ ಬಂದು ನಡುವೆ ಹಾಕಿದ. ಮರುದಿನ ಬೆಳಿಗ್ಗೆ ಕಾಕಾ ಮತ್ತೆ ಫೋನ್ ಮಾಡಿದರು. ಕೊನೆಗೆ ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಯೂಸರ್ ಖಾತೆ ಮಾಡಿದೆವು, ಈ ಸೆಟ್ಟಿಂಗ್ ಖಾತೆಗೊಂದು ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಬಟನ್ ಎಡಮೂಲೆಯಲ್ಲಿ, ಅಕ್ಷರ ದೊಡ್ಡದು. ಐದು ಗಂಟೆ ಮೇಲೆ ನಡುವೆ, ಅಕ್ಷರ ಚಿಕ್ಕದು. ಲಗ್ನಪತ್ರಿಕೆ ಫೈಲ್‌ಗಳು ಇಬ್ಬರಿಗೂ ಸಿಗಲಿ ಎಂದು ಡಿ ಡ್ರೈವ್‌ನ ಒಂದೇ ಫೋಲ್ಡರ್‌ನಲ್ಲಿ ಇಟ್ಟಿದ್ದೇವೆ.